ಮಂದೆಗೆ ಬೆಳಕಾದ ಪೆಟ್ಟಿಗೆ

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನಲ್ಲಿದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಕುರಿ ಕಾಯುತ್ತಾರೆ. ಸುಗ್ಗಿ ಮುಗಿಯುತ್ತಿದ್ದಂತೆ ಊರು ಬಿಡುತ್ತಾರೆ. ಹೊಸದುರ್ಗದ ತೆಂಗಿನ ತೋಟದಲ್ಲಿ ನಾಲ್ಕು ದಿನ, ಹಿರಿಯೂರು ಕಡೆಯ ಖಾಲಿ ಹೊಲಗಳಲ್ಲಿ ಎಂಟು ದಿನ ಮಂದೆ ನಿಲ್ಲಿಸುತ್ತಾರೆ. ಗೊಬ್ಬರಕ್ಕಾಗಿ ಹೊಲದವರು ಕಾಳನ್ನೋ ಕಾಸನ್ನೋ ಕೊಡುತ್ತಾರೆ. ಎಳೆ ಮರಿ, ಬಲೆ, ಪಾತ್ರೆಗಳೆಲ್ಲ ಲಗೇಜ್ ಆಟೊದಲ್ಲಿ ಹಿಂದೆ ಬರುತ್ತವೆ. ಪೇಟೆಯವರು ದುಡ್ಡು ಕೊಟ್ಟು ಹೋಗುವ ಕ್ಯಾಂಪಿಂಗ್ ನಮ್ಮ ಮನೆಯವರಿಗೆ ವರ್ಷದಲ್ಲಿ ಐದಾರು ತಿಂಗಳ ಬದುಕು.

ನಾನು ಚಿತ್ರದುರ್ಗದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುವುದನ್ನು ದಿನವೂ ನೋಡುತ್ತಿದ್ದೆ. ಅಷ್ಟೆಲ್ಲ ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ಅಪ್ಪನ ಬಳಿ ಇದ್ದದ್ದು ಒಂದು ಟಾರ್ಚು. ಫೋನ್ ಚಾರ್ಜ್ ಆಗಬೇಕೆಂದರೆ ರಸ್ತೆ ಬದಿಯ ಟೀ ಅಂಗಡಿಯೇ ಗತಿ.

ಕೋರ್ಸ್ ಮುಗಿದ ವರ್ಷ, ಕೆಲಸ ಸಿಗದೆ ಮನೆಯಲ್ಲಿದ್ದಾಗ, ಅಪ್ಪನಿಗೊಂದು ಪವರ್ ಬಾಕ್ಸ್ ಮಾಡಿಕೊಡುತ್ತೇನೆ ಎಂದು ಹೊರಟೆ. ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೇ ಕಾರ್ ಬ್ಯಾಟರಿ ತಂದು ಎರಡು ಬಲ್ಬ್, ಒಂದು ಮೊಬೈಲ್ ಚಾರ್ಜರ್ ಜೋಡಿಸಿದೆ. ಫ್ಯೂಸ್ ಹಾಕಲಿಲ್ಲ. ‘ಹನ್ನೆರಡು ವೋಲ್ಟ್ ತಾನೇ, ಏನಾದೀತು’ ಎಂಬ ಧೈರ್ಯ.

ಎರಡನೇ ರಾತ್ರಿ ಬಲ್ಬ್ ಮಂಕಾಗಿ ಆರಿತು. ಆ ಕತ್ತಲಲ್ಲೇ ತೋಳ ಬಂದು ಎರಡು ಮರಿ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ನಾನು ಹೋಗಿ ಬ್ಯಾಟರಿ ಬಿಚ್ಚುವಾಗ ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ತಗುಲಿತು. ಕಿಡಿ ಹಾರಿ ಅಂಗೈ ಸುಟ್ಟಿತು. ಅಪ್ಪ ಬೈಯಲಿಲ್ಲ. ‘ಬೆಳಕಿದ್ರೆ ತೋಳ ಬರಲ್ಲ ಅಂತಲ್ಲ ಕಣವ್ವ, ಬಂದಿದ್ದು ನಮ್ಗೆ ಕಾಣುತ್ತೆ’ ಎಂದಷ್ಟೇ ಹೇಳಿದರು. ಆ ಮಾತು ಸುಟ್ಟ ಕೈಗಿಂತ ಹೆಚ್ಚು ಉರಿಯಿತು.

ತಪ್ಪು ಎಲ್ಲಿ ಎಂದು ಕೂತು ಯೋಚಿಸಿದೆ. ಕಾರ್ ಬ್ಯಾಟರಿ ಇರುವುದು ಗಾಡಿ ಸ್ಟಾರ್ಟ್ ಮಾಡಲು, ಅಂದರೆ ಒಂದೆರಡು ಸೆಕೆಂಡ್ ಭಾರೀ ಕರೆಂಟ್ ಕೊಡಲು. ರಾತ್ರಿಯಿಡೀ ನಿಧಾನವಾಗಿ ಪೂರ್ತಿ ಬಸಿದರೆ ಅದು ಬೇಗ ಸಾಯುತ್ತದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ನಾನು ಲೆಕ್ಕವನ್ನೇ ಹಾಕಿರಲಿಲ್ಲ.

ಈ ಸಲ ಮೊದಲು ಲೆಕ್ಕ ಬರೆದೆ. 9 ವಾಟ್‌ನ ಎರಡು ಎಲ್‌ಇಡಿ ಬಲ್ಬ್ ಆರು ಗಂಟೆ ಉರಿದರೆ 108 ವಾಟ್-ಅವರ್. ಮೂರು ಫೋನಿಗೆ ತಲಾ 15ರಂತೆ 45. ಟಾರ್ಚಿಗೆ 12. ಒಟ್ಟು ರಾತ್ರಿಗೆ 165. ಮೋಡ ಕವಿದರೂ ಮೂರು ರಾತ್ರಿ ನಡೆಯಬೇಕಾದರೆ ಸುಮಾರು 500 ಬೇಕು.

ಅದಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಆರಿಸಿಕೊಂಡೆ. 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ತಂಡ ಬೆಳಕಿಗೆ ತಂದ ರಸಾಯನ ಇದು. ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ಫೋನಿನ ಬ್ಯಾಟರಿಗಿಂತ ಇದು ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಸಾವಿರಾರು ಸಲ ಚಾರ್ಜ್ ಮಾಡಬಹುದು. ಒಂದು ಸೆಲ್ 3.2 ವೋಲ್ಟ್, ನಾಲ್ಕನ್ನು ಸರಣಿಯಲ್ಲಿ ಜೋಡಿಸಿದರೆ 12.8. ನಾನು ತಂದದ್ದು 50 ಆಂಪಿಯರ್-ಅವರ್‌ನವು. ಗುಣಿಸಿದರೆ 640 ವಾಟ್-ಅವರ್. ಅದರಲ್ಲಿ ಶೇ 80ರಷ್ಟು ಬಳಸಿದರೂ 512. ನನ್ನ ಲೆಕ್ಕ ಕೂತಿತು.

ನಾಲ್ಕೂ ಸೆಲ್‌ಗಳ ವೋಲ್ಟೇಜ್ ಒಂದೇ ಮಟ್ಟಕ್ಕೆ ತಂದ ಮೇಲೆಯೇ ಜೋಡಿಸಿದೆ. ಮೇಲೊಂದು ಬಿಎಂಎಸ್ ಬೋರ್ಡ್. ಇದು ಮಂದೆಯ ಕಾವಲು ನಾಯಿಯಿದ್ದಂತೆ. ಯಾವುದೇ ಸೆಲ್ ಮಿತಿಮೀರಿ ತುಂಬಿದರೆ, ಬರಿದಾದರೆ, ಶಾರ್ಟ್ ಆದರೆ ಸಂಪರ್ಕ ಕಡಿಯುತ್ತದೆ. ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ 20 ಆಂಪಿಯರ್ ಫ್ಯೂಸ್. ದಪ್ಪನೆಯ 4 ಚದರ ಮಿ.ಮೀ. ತಾಮ್ರದ ವೈರ್. ಟರ್ಮಿನಲ್‌ಗಳಿಗೆ ರಬ್ಬರ್ ಟೋಪಿ. ಆಟೊದ ಕುಲುಕಾಟಕ್ಕೆ ಸೆಲ್ ಅಲುಗದಂತೆ ಫೋಮ್ ತುರುಕಿ, ಎಲ್ಲವನ್ನೂ ಟೂಲ್ ಬಾಕ್ಸ್ ಒಳಗೆ ಕೂರಿಸಿದೆ. ಇನ್‌ವರ್ಟರ್ ಹಾಕಲಿಲ್ಲ, ಬಲ್ಬ್, ಫೋನ್ ಎರಡೂ ನೇರವಾಗಿ ಡಿಸಿಯಲ್ಲೇ ನಡೆಯುವಾಗ ಅದನ್ನು ಎಸಿ ಮಾಡಿ ಶಕ್ತಿ ಕಳೆಯುವುದೇಕೆ?

ಚಾರ್ಜಿಗೆ ಆಟೊದ ಮೇಲೆ 100 ವಾಟ್ ಸೋಲಾರ್ ಪ್ಯಾನೆಲ್, ಈ ಸೆಲ್‌ಗಳಿಗೆ ಹೊಂದುವ ಕಂಟ್ರೋಲರ್. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೇನು ಬರವಿಲ್ಲ. ಆದರೆ ಪೆಟ್ಟಿಗೆ ಮಾತ್ರ ನೆರಳಲ್ಲೇ ಇರಬೇಕು. ಗಾಡಿಯ ಆಲ್ಟರ್ನೇಟರ್‌ನಿಂದಲೂ ತುಂಬಿಸಬಹುದು. ನೇರ ವೈರ್ ಎಳೆಯದೆ, ನಡುವೆ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು. ಪ್ಯಾನೆಲ್ ಬಿಟ್ಟು ನನಗೆ ತಗುಲಿದ್ದು ಸುಮಾರು ಹತ್ತು ಸಾವಿರ. ಅರ್ಧ ಟ್ಯೂಷನ್ ದುಡ್ಡು, ಉಳಿದರ್ಧ ಅವ್ವನ ಸಂಘದ ಸಾಲ.

ಹೊಸ ಪೆಟ್ಟಿಗೆ ಈಗ ಒಂದು ಬೇಸಿಗೆ ಕಂಡಿದೆ. ಒಮ್ಮೆ ಫ್ಯೂಸ್ ಸುಟ್ಟಿತು. ಅಪ್ಪ ಗಾಬರಿಯಿಂದ ಫೋನ್ ಮಾಡಿದರು. ನನಗೆ ಖುಷಿಯಾಯಿತು: ಸುಡಬೇಕಾದದ್ದೇ ಸುಟ್ಟಿತ್ತು. ಬಲ್ಬಿನ ವೈರನ್ನು ಕುರಿ ಕಚ್ಚಿತ್ತಂತೆ!

ಕಳೆದ ತಿಂಗಳು ಒಂದು ಸಂದರ್ಶನದಲ್ಲಿ ‘ಕೈಯಾರೆ ಏನು ಮಾಡಿದ್ದೀರಿ?’ ಎಂದು ಕೇಳಿದರು. ಪೆಟ್ಟಿಗೆಯ ಫೋಟೊ ತೋರಿಸಿದೆ. ಫ್ಯೂಸ್ 20 ಆಂಪಿಯರ್ ಏಕೆ, ಬಿಎಂಎಸ್ ಇದ್ದೂ ಫ್ಯೂಸ್ ಏಕೆ ಎಂದು ಕೆದಕಿದರು. ಬೋರ್ಡ್ ಕೆಟ್ಟರೆ ಕೊನೆಗೆ ಕಾಯುವುದು ಆ ಫ್ಯೂಸೇ ಎಂದೆ. ಆ ಕೆಲಸ ನನಗೆ ಸಿಗಲಿಲ್ಲ. ಆದರೆ ಉತ್ತರ ಹೇಳುವಾಗ ಮೊದಲ ಸಲ ದನಿ ನಡುಗಲಿಲ್ಲ. ಓದಿದ್ದನ್ನು ಹೇಳುವುದಕ್ಕೂ ಕೈ ಸುಟ್ಟುಕೊಂಡು ಕಲಿತದ್ದನ್ನು ಹೇಳುವುದಕ್ಕೂ ಇರುವ ವ್ಯತ್ಯಾಸ ಅಂದು ತಿಳಿಯಿತು.

ಅಪ್ಪನ ಜೊತೆಯ ಇನ್ನಿಬ್ಬರು ಕುರಿಗಾಹಿಗಳು ತಮಗೂ ಒಂದೊಂದು ಪೆಟ್ಟಿಗೆ ಬೇಕೆಂದಿದ್ದಾರೆ. ಕೆಲಸದ ಅರ್ಜಿ ಹಾಕುತ್ತಲೇ ಅವನ್ನೂ ಜೋಡಿಸುತ್ತಿದ್ದೇನೆ. ರಾತ್ರಿ ಒಂಬತ್ತಕ್ಕೆ ಅಪ್ಪನ ಫೋನ್ ತಪ್ಪದೆ ಬರುತ್ತದೆ. ‘ಊಟ ಆಯ್ತಾ?’ ಎಂದು ನಾನು ಕೇಳುವ ಮೊದಲೇ ಅವರು ಹೇಳುವುದು ಒಂದೇ ಮಾತು: ‘ಲೈಟ್ ಉರಿತಾ ಐತೆ ಕಣವ್ವ.’