ಯೆಜ್ಡಿ ವಾಪಸ್ ಬಂತು, ಹೊಗೆ ಬರಲಿಲ್ಲ

ಭಾನುವಾರ ಬೆಳಗ್ಗೆ ಹೆಬ್ಬಾಳ ದಾಟಿ ಯಲಹಂಕ ಕಡೆ ಹೊರಟರೆ ನಂದಿ ಬೆಟ್ಟಕ್ಕೆ ಹೋಗೋ ಬೈಕ್‌ಗಳ ಸಾಲೇ ಸಿಗುತ್ತೆ. ಅದರಲ್ಲಿ ಯೆಜ್ಡಿ ಇದ್ದರೆ ಹಳೇದಾ ಹೊಸದಾ ಅಂತ ತಿರುಗಿ ನೋಡೋದೇ ಬೇಡ, ಸದ್ದೇ ಹೇಳುತ್ತೆ.

ಅಮೆರಿಕದವರಿಗೆ ಇಂಥ ಹುಚ್ಚು ಮಸಲ್ ಕಾರ್‌ಗಳದ್ದು. 1964ರ ಪಾಂಟಿಯಾಕ್ ಜಿಟಿಓ ಅಂದ್ರೆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ವಿ8 ಎಂಜಿನ್. 1970ರ ದಶಕದಲ್ಲಿ ಪೆಟ್ರೋಲ್ ದುಬಾರಿಯಾಗಿ, ಹೊಗೆಯ ನಿಯಮ ಬಿಗಿಯಾಗಿ ಆ ಕಾಲ ಮುಗಿಯಿತು. 2008ರಲ್ಲಿ ಡಾಡ್ಜ್ ತನ್ನ 1970ರ ಚಾಲೆಂಜರ್ ರೂಪವನ್ನೇ ಹೊಸ ಕಾರಿಗೆ ತೊಡಿಸಿ ತಂದಿತು. ನಾವು ಅದನ್ನ ನೋಡಿದ್ದು ಸಿನಿಮಾದಲ್ಲಿ. ನಮ್ಮದೇ ಅಂತ ಇರೋ ಕಥೆ ಮೈಸೂರಿನದ್ದು.

1960ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಂಪನಿ ಅಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕ್ ತಯಾರಿಸೋಕೆ ಶುರುಮಾಡಿತು. ಮುಂದೆ ಅದೇ ಯೆಜ್ಡಿ ಆಯಿತು. ರೋಡ್‌ಕಿಂಗ್ ಗೊತ್ತಲ್ಲ? 250 ಸಿಸಿ ಟೂ-ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಲಿವರ್‌ನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್! ಇವತ್ತಿಗೂ ಆ ಐಡಿಯಾ ನೋಡಿದ್ರೆ ನನಗೆ ಖುಷಿ. ಆಮೇಲೆ ಹೆಚ್ಚು ಮೈಲೇಜ್ ಕೊಡೋ 100 ಸಿಸಿ ಬೈಕ್‌ಗಳು ಬಂದವು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು.

ಹುಚ್ಚು ಮಾತ್ರ ಮುಚ್ಚಲಿಲ್ಲ. ಈಗಲೂ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಬೆಂಗಳೂರಲ್ಲಿ ಹಳೇ ಬೈಕ್‌ಗಳು ಸೇರುತ್ತವೆ. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ 2018ರಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನ ವಾಪಸ್ ತಂದಿತು. ತಯಾರಾಗೋದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ.

ನಮ್ಮನೇಲಿ ಅಪ್ಪನ 1988ರ ರೋಡ್‌ಕಿಂಗ್ ಇದೆ. ಅದನ್ನ ರಿಪೇರಿ ಮಾಡಿಸೋದಾ, ಸುಮಾರು ಎರಡು ಲಕ್ಷ ಕೊಟ್ಟು ಹೊಸದು ತಗೊಳ್ಳೋದಾ ಅಂತ ಆರು ತಿಂಗಳಿಂದ ಜಗಳ. ಹೊಸ ರೋಡ್‌ಸ್ಟರ್ ಓಡಿಸಿ ನೋಡಿದೆ: 334 ಸಿಸಿ, ಫೋರ್-ಸ್ಟ್ರೋಕ್, ಡಿಸ್ಕ್ ಬ್ರೇಕ್, ಎಬಿಎಸ್. ಏರ್‌ಪೋರ್ಟ್ ರೋಡಲ್ಲಿ ಮುಂದಿನ ಕ್ಯಾಬ್ ಸಡನ್ನಾಗಿ ನಿಂತರೆ ರೋಡ್‌ಕಿಂಗ್‌ನ ಡ್ರಮ್ ಬ್ರೇಕ್ ನಂಬೋಕೆ ನನಗಂತೂ ಧೈರ್ಯ ಇಲ್ಲ. ಬೈಕ್ ಅಂತ ನೋಡಿದರೆ ಹೊಸದೇ ಮೇಲು, ಅದರಲ್ಲಿ ಮಾತಿಲ್ಲ.

ಆದರೆ ಹಳೇದಕ್ಕೆ ಬಂಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಬೆರೆಸಬೇಕು, ಪ್ಲಗ್ ಉಜ್ಜಬೇಕು, ಕಾರ್ಬುರೇಟರ್ ಟ್ಯೂನ್ ಮಾಡಬೇಕು. ಈ ಕಾಟದಲ್ಲೇ ಸವಾರ ಮೆಕ್ಯಾನಿಕ್ ಆಗಿಬಿಡ್ತಿದ್ದ. "ಹೊಸದು ಕೆಟ್ಟರೆ ಲ್ಯಾಪ್‌ಟಾಪ್ ಬೇಕು ಕಣೋ, ಇದಕ್ಕೆ ಸ್ಪ್ಯಾನರ್ ಸಾಕು" ಅಂತಾರೆ ಅಪ್ಪ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರೋ ನನಗೆ ಈ ಮಾತು ಸ್ವಲ್ಪ ಚುಚ್ಚಿತು. ಹೊಸದರಲ್ಲೂ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ರೂಪ ಕಾಪಿ ಆಗಿದೆ, ಕೈಕೆಲಸ ಆಗಿಲ್ಲ.

ಕೊನೆಗೆ ರಿಪೇರಿಯೇ ಗೆದ್ದಿತು. ಆಫೀಸಿಗೆ ಸ್ಕೂಟರ್, ಭಾನುವಾರಕ್ಕೆ ರೋಡ್‌ಕಿಂಗ್.

ಹಳೇದು ಹುಡುಕ್ತಿದ್ದೀರಾ? ಎಂಜಿನ್‌ಗಿಂತ ಮೊದಲು ಆರ್‌ಸಿ ನೋಡಿ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ರಿನ್ಯೂ ಆಗಿರಬೇಕು. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗೋದು 50 ವರ್ಷ ದಾಟಿದ ಗಾಡಿಗೆ ಮಾತ್ರ, ಅದನ್ನ ದಿನಾ ರೋಡಿಗೆ ಇಳಿಸುವ ಹಾಗೂ ಇಲ್ಲ. ನಮ್ಮದು ಅಲ್ಲಿಗೆ ತಲುಪೋದು 2038ಕ್ಕೆ.