ಹಿರಿಯ ಚಿಪ್ಪಿನ ಹೆಸರಲ್ಲಿ

ಊರಿಗೆ ಬಂದ ಹುಡುಗನ ಗುರುತು ಹತ್ತದಿದ್ದರೆ ಕಟ್ಟೆಯ ಮೇಲಿನ ಹಿರಿಯರು ಕೇಳುತ್ತಾರೆ: ‘ಯಾರ ಮನೆಯವನಪ್ಪಾ ನೀನು?’ ಹೊಸ ಚಿಪ್ ಎದುರಾದಾಗ ಲಿನಕ್ಸ್ ಕೇಳುವುದೂ ಇದನ್ನೇ.

ಪಿಸಿಯೊಳಗಿನ ಪಿಸಿಐ ಕಾರ್ಡುಗಳು ಕೇಳಿದರೆ ತಮ್ಮ ಗುರುತು ಹೇಳುತ್ತವೆ. ಮೊಬೈಲು, ರೌಟರುಗಳ ಆರ್ಮ್ ಚಿಪ್ಪಿನೊಳಗಿನ ಭಾಗಗಳಿಗೆ ಸಾಮಾನ್ಯವಾಗಿ ಆ ಬಾಯಿಲ್ಲ. ಯಾವ ವಿಳಾಸದಲ್ಲಿ ಯಾವುದು ಕೂತಿದೆಯೆಂದು ಯಾರಾದರೂ ಬರೆದಿಡಬೇಕು. ಹಿಂದೆ ಅದನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನೊಳಗೇ, ಬೋರ್ಡಿಗೊಂದು ಸಿ ಫೈಲಿನಂತೆ ಬರೆಯುತ್ತಿದ್ದರು. ಬೋರ್ಡುಗಳ ಜೊತೆ ಫೈಲುಗಳೂ ಬೆಳೆದವು. 2011ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಇದಕ್ಕೆ ಸಿಟ್ಟಿಗೆದ್ದರು.

ಮದ್ದು ಆಗಲೇ ಇತ್ತು. ಸನ್ ಮೈಕ್ರೋಸಿಸ್ಟಮ್ಸ್‌ನ ಯಂತ್ರಗಳಲ್ಲಿ ಹುಟ್ಟಿ, 1994ರಲ್ಲಿ ಐಇಇಇ 1275 ಮಾನಕವಾದ ಓಪನ್ ಫರ್ಮ್‌ವೇರ್ ಯಂತ್ರದ ವಿವರವನ್ನು ಮರದ ರೂಪದಲ್ಲಿ ಕೊಡುತ್ತಿತ್ತು. ಪವರ್‌ಪಿಸಿ ಲಿನಕ್ಸ್‌ನವರು 2005ರ ಹೊತ್ತಿಗೆ ಆ ಮರವನ್ನು ಒಂದು ಫೈಲಾಗಿ ಮಡಚಿದರು. ಅದೇ ಡಿವೈಸ್ ಟ್ರೀ, ಆರ್ಮ್‌ಗೂ ಬಂತು. ಜೊತೆಗೊಂದು ಕಟ್ಟುಪಾಡೂ ಬಂತು: ಇಂದು ಹೊರಬಿಟ್ಟ ಫೈಲನ್ನು ನಾಳೆಯ ಕರ್ನೆಲ್ಲೂ ಓದಬೇಕು.

ಇದರ ಜೀವ ‘ಕಂಪ್ಯಾಟಿಬಲ್’ ಎಂಬ ಒಂದು ಸಾಲಿನಲ್ಲಿದೆ. ರಾಸ್ಪ್‌ಬೆರಿ ಪೈ 4ರಲ್ಲಿ ಸೆನ್ಸರುಗಳ ಜೊತೆ ಎರಡೇ ತಂತಿಯಲ್ಲಿ ಮಾತಾಡುವ ಐ2ಸಿ ಭಾಗ ಮೊದಲು ‘ಬಿಸಿಎಂ2711’ ಎಂದು ತನ್ನ ಹೆಸರು ಹೇಳುತ್ತದೆ, ಆಮೇಲೆ ‘ಬಿಸಿಎಂ2835’ ಎಂದು ಹಿರಿಯನ ಹೆಸರು. ಆ ಹಿರಿಯ 2012ರ ಮೊದಲ ಪೈನಲ್ಲಿದ್ದ ಚಿಪ್. ಅದಕ್ಕೊಂದು ದೋಷವಿತ್ತು: ನಿಧಾನದ ಸೆನ್ಸರು ‘ಸ್ವಲ್ಪ ತಾಳು’ ಎಂದು ಕ್ಲಾಕ್ ತಂತಿ ಹಿಡಿದರೆ ಎಡವುತ್ತಿತ್ತು. 2711ರಲ್ಲಿ ಅದು ಸರಿಹೋಯಿತು. ಆ ಭಾಗವನ್ನು ನಡೆಸುವ ಕರ್ನೆಲ್ ತುಣುಕಾದ ಡ್ರೈವರು ಹೊಸ ಹೆಸರು ಬಲ್ಲದ್ದಾದರೆ ಹಳೆಯ ನಿರ್ಬಂಧ ಸಡಿಲಿಸುತ್ತದೆ; ಅರಿಯದ್ದು ಹಿರಿಯನ ಹೆಸರು ಹಿಡಿದು ಹಳೆಯ ಎಚ್ಚರದಲ್ಲೇ ಕೆಲಸ ಸಾಗಿಸುತ್ತದೆ. ಇಡೀ ಸರಣಿಗೆ ಒಂದೇ ಹೆಸರಿಡಬಾರದು ಎನ್ನುವುದೂ ಇದಕ್ಕೇ. ಮುಂದೆ ಹುಟ್ಟುವ ಚಿಪ್ಪಿನ ಗುಣ ಇಂದೇ ಬಲ್ಲವರಾರು?

ಒಂದೇ ಹೆಸರಿನ ಚಿಪ್ಪನ್ನು ನಡುವೆ ತಿದ್ದಿದರೆ? 2711ಕ್ಕೇ ಹಾಗಾಯಿತು. ಬಿ0 ಆವೃತ್ತಿಯಲ್ಲಿ ಎಸ್‌ಡಿ ಕಾರ್ಡಿನ ಕಂಟ್ರೋಲರು ಮೆಮರಿಯ ಮೊದಲ 1 ಜಿಬಿಯನ್ನಷ್ಟೇ ನೇರವಾಗಿ ಮುಟ್ಟಬಲ್ಲದು. ಸಿ0ಗೆ ಆ ಮಿತಿಯಿಲ್ಲ. ಹೊರಗಿನಿಂದ ಬೋರ್ಡು ಅದೇ, ಫೈಲೂ ಒಂದೇ. ಫೈಲಿನಲ್ಲಿ ಬರೆದಿರುವುದು ಬಿ0ಯ ಮಿತಿ. ಬೂಟ್ ಆಗುವಾಗ ಫರ್ಮ್‌ವೇರ್ ಆ ಸಾಲನ್ನು ಹುಡುಕುತ್ತದೆ, ಚಿಪ್ ಸಿ0 ಆಗಿದ್ದರೆ ಅಂಕಿಯನ್ನು ತಿದ್ದುತ್ತದೆ, ಆಮೇಲೆ ಮರವನ್ನು ಲಿನಕ್ಸ್‌ಗೆ ಒಪ್ಪಿಸುತ್ತದೆ.