ವರ್ಗವಾದ ಮಾತ್ರಕ್ಕೆ ಮಾತು ಬಂದೀತೆ?

ನವೆಂಬರ್ ತಿಂಗಳು ಬಂತೆಂದರೆ ಜಯನಗರ, ಬನಶಂಕರಿಗಳ ಬ್ಯಾಂಕುಗಳಲ್ಲಿ ಒಂದು ದೃಶ್ಯ ತಪ್ಪದು. ನಿವೃತ್ತರೂ ವಿಧವೆಯರೂ ಕೈಚೀಲದಲ್ಲಿ ಪಾಸ್‌ಪುಸ್ತಕವನ್ನಿಟ್ಟುಕೊಂಡು, ತಾವಿನ್ನೂ ಬದುಕಿರುವೆವೆಂದು ರುಜುವಾತು ಮಾಡಲು ಸಾಲಾಗಿ ನಿಲ್ಲುತ್ತಾರೆ. ಕುಟುಂಬ ಪಿಂಚಣಿಯನ್ನೇ ನೆಚ್ಚಿದ ವೃದ್ಧೆಯೊಬ್ಬರು, ಹೋದ ತಿಂಗಳ ಹಣ ಏಕೆ ಜಮೆಯಾಗಲಿಲ್ಲವೆಂದು ಕನ್ನಡದಲ್ಲಿ ಕೇಳುತ್ತಾರೆ. ಮೇಜಿನಾಚೆಯ ತರುಣ ಅಧಿಕಾರಿ ಹಿಂದಿಯಲ್ಲಿ ಏನೋ ಉತ್ತರಿಸುತ್ತಾನೆ. ಇಬ್ಬರೂ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ತಪ್ಪು ಯಾರದು?

2025ರ ಮೇ ತಿಂಗಳಲ್ಲಿ ಇಂಥದೇ ಜಗಳವೊಂದು ನಾಡೆಲ್ಲ ಸುದ್ದಿಯಾಯಿತು. ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ವ್ಯವಸ್ಥಾಪಕರು ಕನ್ನಡ ಮಾತನಾಡಲು ನಿರಾಕರಿಸಿದರು. ಬ್ಯಾಂಕು ಅವರನ್ನು ಕೂಡಲೇ ವರ್ಗ ಮಾಡಿತು. ಬ್ಯಾಂಕ್ ನೌಕರರಿಗೆಲ್ಲ ಸ್ಥಳೀಯ ಭಾಷೆ, ಸಂಸ್ಕೃತಿಗಳ ತರಬೇತಿಯನ್ನು ಕಡ್ಡಾಯಗೊಳಿಸಬೇಕೆಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಕೇಂದ್ರದ ಹಣಕಾಸು ಇಲಾಖೆಯನ್ನು ಒತ್ತಾಯಿಸಿದರು.

ಉದ್ಧಟತನಕ್ಕೆ ಕ್ಷಮೆಯಿಲ್ಲ, ನಿಜ. ಆದರೆ ಸಮಸ್ಯೆಯ ಬೇರು ಒಬ್ಬ ವ್ಯಕ್ತಿಯಲ್ಲಿಲ್ಲ, ಅದು ನಿಯಮಗಳಲ್ಲಿದೆ. ಸರಕಾರೀ ಬ್ಯಾಂಕುಗಳ ಗುಮಾಸ್ತೆ ಹುದ್ದೆಗೆ ಬರುವವನು ಆಯಾ ರಾಜ್ಯದ ಭಾಷೆಯನ್ನು ಓದಿ, ಬರೆದು, ಆಡಬಲ್ಲವನಾಗಿರಬೇಕು. ದೇಶವ್ಯಾಪಿ ಪರೀಕ್ಷೆಯಿಂದ ಬರುವ ಪ್ರೊಬೇಷನರಿ ಅಧಿಕಾರಿಗೆ ಸಾಮಾನ್ಯವಾಗಿ ಅಂಥ ಕಟ್ಟಳೆಯಿಲ್ಲ. ಮೇಲಾಗಿ, ರಾಷ್ಟ್ರೀಕೃತ ಬ್ಯಾಂಕುಗಳ 1979ರ ಅಧಿಕಾರಿ ಸೇವಾನಿಯಮಗಳ ಪ್ರಕಾರ ಅವನನ್ನು ಭಾರತದ ಯಾವ ಶಾಖೆಗಾದರೂ ಕಳುಹಿಸಬಹುದು. ಹೀಗಾಗಿ ದೂರು ಹೇಳುವ ಕಡೆ ಮಾತು ತಿಳಿದವನಿದ್ದರೂ, ದೂರನ್ನು ತೀರ್ಮಾನಿಸುವ ಕಡೆ ಮಾತು ತಿಳಿಯದವನಿರುತ್ತಾನೆ.

ಈ ಕೊರಗು ಹೊಸದಲ್ಲ. 1983ರಲ್ಲಿ ರಚಿತವಾದ ಸರೋಜಿನಿ ಮಹಿಷಿ ಸಮಿತಿಯು, ರಾಜ್ಯದಲ್ಲಿರುವ ಕೇಂದ್ರೋದ್ಯಮಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೇ ಸಲ್ಲಬೇಕೆಂದು ಶಿಫಾರಸು ಮಾಡಿತು. ಬಿ ದರ್ಜೆಗೆ ಶೇಕಡಾ 80, ಎ ದರ್ಜೆಗೆ ಶೇಕಡಾ 65 ಎಂದಿತು. ಆದರೆ ನೇಮಕದ ಬಾಗಿಲನ್ನು ಭದ್ರಪಡಿಸಿದರೂ ವರ್ಗದ ಬಾಗಿಲು ತೆರೆದೇ ಇರುತ್ತದೆಯಲ್ಲವೆ?

ಇನ್ನೊಂದು ಮುಖವನ್ನೂ ನೋಡೋಣ. ಬಡ್ತಿ ಪಡೆದ ನಮ್ಮ ಬನಶಂಕರಿಯ ಮಗನೋ ಮಗಳೋ ಬಿಹಾರದ ಹಳ್ಳಿಗೆ ವರ್ಗವಾದರೆ ಮನೆಯಲ್ಲಿ ಅಳುವೇ ಅಳು. ವಯಸ್ಸಾದ ತಾಯಿತಂದೆ, ಶಾಲೆಯ ನಡುವಿನ ಮಕ್ಕಳು, ಬೇರೆ ಊರಿನ ಕೆಲಸದಲ್ಲಿರುವ ಪತಿ ಅಥವಾ ಪತ್ನಿ. ಬಡ್ತಿಯನ್ನೇ ಬೇಡವೆನ್ನುವವರೂ ಉಂಟು. ಅಲ್ಲಿನ ರೈತನ ಭೋಜಪುರಿಯೋ ಮೈಥಿಲಿಯೋ ನಮ್ಮವರಿಗೆ ತಿಳಿದೀತೆ? ಅಲ್ಲಿ ಅವರು ಕಲಿಯಬೇಕಾದರೆ, ಇಲ್ಲಿಗೆ ಬಂದವರೂ ಕಲಿಯಬೇಕು. ನ್ಯಾಯವೆಂದರೆ ಇದೇ.

ಕನ್ನಡ ಬಾರದವನನ್ನು ಸೂರ್ಯನಗರದಿಂದ ಎತ್ತಿ ಮತ್ತೊಂದು ಊರಿನಲ್ಲಿ ಕೂರಿಸಿದರೆ ಅಲ್ಲಿನ ವೃದ್ಧೆಗೂ ಅದೇ ಗತಿ. ಬರುವವನಿಗೆ ವರ್ಗದ ಆಜ್ಞೆಯೊಡನೆ ಕನ್ನಡದ ಒಂದು ಪುಸ್ತಕವನ್ನೂ, ಕಲಿಯಲು ಕೆಲವು ವಾರಗಳ ಬಿಡುವನ್ನೂ, ಕಡೆಗೊಂದು ಪರೀಕ್ಷೆಯನ್ನೂ ಕೊಡಲಿ. ಶಿಕ್ಷೆಯ ವರ್ಗಕ್ಕಿಂತ ಶಿಕ್ಷಣದ ವರ್ಗ ಲೇಸು. ‘ಕೂತುಕೊಳ್ಳಿ ಅಮ್ಮಾ, ನೋಡಿ ಹೇಳುತ್ತೇನೆ’ ಎಂಬಷ್ಟು ಮಾತು ಕಲಿಯಲು ಬಹಳ ಕಾಲ ಬೇಡ. ಆ ವೃದ್ಧೆ ಮೊದಲು ಬಯಸುವುದೂ ಅಷ್ಟನ್ನೇ.